ಮೂರು ನಿಮಿಷದ ಮಾತು: ಶಾಲಾ ಭಾಷಣ ಸ್ಪರ್ಧೆಯ ಒಳಹೊರಗು

ಜೂನ್ 5ರ ಪರಿಸರ ದಿನ, ಆಗಸ್ಟ್ 15, ಶಿಕ್ಷಕರ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ, ಮಕ್ಕಳ ದಿನ, ಸಂವಿಧಾನ ದಿನ, ವಿವೇಕಾನಂದ ಜಯಂತಿ. ಕರ್ನಾಟಕದ ಶಾಲೆಗಳಲ್ಲಿ ಭಾಷಣ ಸ್ಪರ್ಧೆಗೆ ನೆಪ ಸಿಗದ ತಿಂಗಳು ಕಡಿಮೆ. ಇವುಗಳ ಜೊತೆಗೆ ಶಾಲಾ ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ ಇದೆ. ಅಲ್ಲಿ ಶಾಲೆಯಲ್ಲಿ ಗೆದ್ದ ಮಗು ಕ್ಲಸ್ಟರಿಗೆ, ಅಂದರೆ ಹತ್ತಿರದ ಶಾಲೆಗಳ ಗುಂಪಿನ ಮಟ್ಟಕ್ಕೆ, ಹೋಗುತ್ತದೆ, ಆಮೇಲೆ ತಾಲ್ಲೂಕು, ಜಿಲ್ಲೆ, ರಾಜ್ಯ. ಇಷ್ಟೆಲ್ಲ ಅವಕಾಶ ಇದ್ದೂ ವೇದಿಕೆಯ ಮೇಲೆ ಹೆಚ್ಚಾಗಿ ಕೇಳಿಸುವುದು ದೊಡ್ಡವರು ಬರೆದುಕೊಟ್ಟು ಮಗು ಉರು ಹೊಡೆದ ಭಾಷಣ. ಅದು ಕಂಠಪಾಠವೇ ಹೊರತು ಭಾಷಣವಲ್ಲ. ಕಂಠಪಾಠಕ್ಕೆ ಪ್ರತಿಭಾ ಕಾರಂಜಿಯಲ್ಲಿ ಬೇರೆಯೇ ಸ್ಪರ್ಧೆ ಇದೆ. ಭಾಷಣದಲ್ಲಿ ಪರೀಕ್ಷೆಗೆ ಒಳಗಾಗಬೇಕಾದದ್ದು ಮಗು ತಾನೇ ಯೋಚಿಸಿದ್ದನ್ನು ಎದುರಿಗೆ ಕೂತವರಿಗೆ ಮುಟ್ಟಿಸಬಲ್ಲದೇ ಎಂಬುದು. ಬರವಣಿಗೆ, ತಾಲೀಮು, ಮೈಕು, ತೀರ್ಪು ಎಲ್ಲವನ್ನೂ ಈ ಒಂದು ಪ್ರಶ್ನೆಯಿಟ್ಟುಕೊಂಡು ನೋಡಿದರೆ ಏನು ಮಾಡಬೇಕೆಂಬುದು ಸ್ಪಷ್ಟವಾಗುತ್ತದೆ.

ಮೊದಲು ಯಾವ ಸ್ಪರ್ಧೆ ಎಂದು ಖಚಿತ ಮಾಡಿಕೊಳ್ಳಿ. ಮುಖ್ಯವಾಗಿ ಮೂರು ಬಗೆ. ಸಿದ್ಧ ಭಾಷಣದಲ್ಲಿ ವಿಷಯವನ್ನು ಕೆಲವು ದಿನ ಮೊದಲೇ ಕೊಡುತ್ತಾರೆ. ಆಶುಭಾಷಣದಲ್ಲಿ ವಿಷಯದ ಚೀಟಿ ಎತ್ತಿದ ಮೇಲೆ ಕೆಲವೇ ನಿಮಿಷ ಯೋಚಿಸಿ ಮಾತಾಡಬೇಕು. ಚರ್ಚಾ ಸ್ಪರ್ಧೆಯಲ್ಲಿ ಪರ ಅಥವಾ ವಿರೋಧ ನಿಲ್ಲಬೇಕು. ಕಾಲಮಿತಿ, ಚೀಟಿ ನೋಡಿಕೊಂಡು ಮಾತಾಡಬಹುದೇ, ಯಾವ ತರಗತಿಯವರು ಯಾವ ವಿಭಾಗ ಎಂಬುದೆಲ್ಲ ಆಯಾ ವರ್ಷದ ಸುತ್ತೋಲೆಯಲ್ಲಿ ಇರುತ್ತದೆ. ಹೋದ ವರ್ಷದ ನಿಯಮ ನೆನಪಿನಲ್ಲಿಟ್ಟುಕೊಂಡು ಹೋಗಿ ಎಡವಿದ ಶಾಲೆಗಳು ಬಹಳ. ಸುತ್ತೋಲೆಯನ್ನು ಓದಿ, ಆ ಪುಟವನ್ನು ಮಗುವಿಗೂ ಓದಿಸಿ.

ಲೆಕ್ಕ ಮೊದಲು, ಬರವಣಿಗೆ ಆಮೇಲೆ

ಮೂರು ನಿಮಿಷ ಎಂದರೆ 180 ಸೆಕೆಂಡು. ಕೇಳುವವರಿಗೆ ಹಿತವಾಗುವ ವೇಗದಲ್ಲಿ ಶಾಲಾ ಮಗು ನಿಮಿಷಕ್ಕೆ ಸುಮಾರು 80ರಿಂದ 100 ಕನ್ನಡ ಪದ ಆಡುತ್ತದೆ. ಇಂಗ್ಲಿಷ್ ಭಾಷಣಗಳಿಗೆ ಹೇಳುವ ನಿಮಿಷಕ್ಕೆ 130 ಪದದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕನ್ನಡದಲ್ಲಿ ವಿಭಕ್ತಿ, ಕಾಲ, ನಿಷೇಧ, ಪ್ರಶ್ನೆ ಎಲ್ಲವೂ ಪದದ ಬಾಲಕ್ಕೇ ಅಂಟಿಕೊಳ್ಳುತ್ತವೆ. ‘ಹೋಗಬೇಕಾಗಿರಲಿಲ್ಲವೇ’ ಎಂಬುದು ಒಂದೇ ಪದ. ಹಾಗಾಗಿ ಮೂರು ನಿಮಿಷದ ಸ್ಪರ್ಧೆಗೆ 240ರಿಂದ 260 ಪದ ಸಾಕು. ಎರಡು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಯುವಂತೆ ಬರೆಯಬೇಕು. ಉಳಿದ ಇಪ್ಪತ್ತು ಸೆಕೆಂಡು ವೇದಿಕೆಯ ಮೇಲೆ ತಾನಾಗಿಯೇ ಖರ್ಚಾಗುತ್ತದೆ: ಉಸಿರು ತೆಗೆದುಕೊಳ್ಳುವುದಕ್ಕೆ, ಚಪ್ಪಾಳೆಗೆ, ಒಂದು ವಾಕ್ಯ ತಡವರಿಸಿದ್ದಕ್ಕೆ.

ಎಷ್ಟೋ ಭಾಷಣಗಳು ಮೊದಲ ಅರ್ಧ ನಿಮಿಷದಲ್ಲೇ ಸೋಲುತ್ತವೆ. ‘ವೇದಿಕೆಯ ಮೇಲೆ ಆಸೀನರಾಗಿರುವ ಸನ್ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನಮ್ಮೆಲ್ಲರ ನೆಚ್ಚಿನ ಮುಖ್ಯ ಗುರುಗಳೇ, ಗುರುವೃಂದದವರೇ, ತೀರ್ಪುಗಾರರೇ, ನನ್ನ ಪ್ರೀತಿಯ ಸಹಪಾಠಿಗಳೇ’ ಎಂದು ಶುರುವಾಗಿ ‘ಈ ಸುಸಂದರ್ಭದಲ್ಲಿ ನನಗೆ ತಿಳಿದ ಎರಡು ಮಾತುಗಳನ್ನು ಆಡಲು ಇಚ್ಛಿಸುತ್ತೇನೆ’ ಎಂಬಲ್ಲಿಗೆ ತಲುಪುವಷ್ಟರಲ್ಲಿ 30 ಸೆಕೆಂಡು ಹೋಗಿರುತ್ತದೆ. ಅಂದರೆ ಸಿಕ್ಕ ಕಾಲದ ಆರನೇ ಒಂದು ಭಾಗ. ಅಷ್ಟರಲ್ಲಿ ಮಗು ವಿಷಯದ ಬಗ್ಗೆ ಒಂದು ಮಾತೂ ಆಡಿರುವುದಿಲ್ಲ. ‘ತೀರ್ಪುಗಾರರಿಗೆ, ಗುರುಗಳಿಗೆ, ಗೆಳೆಯರಿಗೆ ನಮಸ್ಕಾರ’ ಎಂದರೆ ಐದು ಸೆಕೆಂಡು. ಅದರಲ್ಲಿ ಗೌರವ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಕೊನೆಯಲ್ಲಿ ‘ಇಷ್ಟು ಮಾತನಾಡಲು ಅವಕಾಶ ಮಾಡಿಕೊಟ್ಟ ಎಲ್ಲರಿಗೂ’ ಎಂಬ ವಂದನೆಯನ್ನೂ ಬಿಡಿಸಿ; ‘ನಮಸ್ಕಾರ’ ಸಾಕು.

ಉಳಿದದ್ದನ್ನು ಹೀಗೆ ಹಂಚಬಹುದು: ವಿಷಯಕ್ಕೆ ಎಳೆದುಕೊಳ್ಳುವ ಆರಂಭಕ್ಕೆ 25 ಸೆಕೆಂಡು, ಎರಡು ಮುಖ್ಯ ಅಂಶಗಳಿಗೆ ತಲಾ 55, ಮುಕ್ತಾಯಕ್ಕೆ 20. ಎರಡೇ ಅಂಶ, ಐದಲ್ಲ. ಪ್ಲಾಸ್ಟಿಕ್ ಬಗ್ಗೆ ಮಾತಾಡುವ ಮಗು ನದಿ, ಸಮುದ್ರ, ಹಸು, ಚರಂಡಿ, ಕ್ಯಾನ್ಸರ್ ಎಲ್ಲವನ್ನೂ ಮುಟ್ಟಿದರೆ ಯಾವುದೂ ಕೇಳುವವರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಚರಂಡಿಯನ್ನಷ್ಟೇ ತೆಗೆದುಕೊಂಡು ತನ್ನ ಬೀದಿಯ ಚರಂಡಿ ಮಳೆಗಾಲದಲ್ಲಿ ಯಾಕೆ ಉಕ್ಕುತ್ತದೆ ಎಂದು ವಿವರಿಸಿದರೆ ನಿಲ್ಲುತ್ತದೆ.

ಯಾರು ಬರೆಯಬೇಕು

ಮಗುವೇ. ದೊಡ್ಡವರ ಕೆಲಸ ಪ್ರಶ್ನೆ ಕೇಳುವುದು. ‘ನೀರಿನ ಉಳಿತಾಯ’ ಎಂಬ ವಿಷಯ ಬಂತು ಎನ್ನಿ. ದೊಡ್ಡವರು ಬರೆದುಕೊಟ್ಟರೆ ಮೊದಲ ವಾಕ್ಯ ಹೀಗಿರುತ್ತದೆ: ‘ಜಲವು ಸಕಲ ಜೀವರಾಶಿಗಳ ಅಸ್ತಿತ್ವಕ್ಕೆ ಮೂಲಾಧಾರವಾಗಿದ್ದು, ಅದರ ಸದ್ಬಳಕೆಯು ಪ್ರತಿಯೊಬ್ಬ ನಾಗರಿಕನ ಆದ್ಯ ಕರ್ತವ್ಯವಾಗಿದೆ.’ ಇದರಲ್ಲಿ ತಪ್ಪಿಲ್ಲ, ಆದರೆ ಮಗುವಿನದೂ ಏನಿಲ್ಲ. ಅದರ ಬದಲು ಮಗುವನ್ನು ಕೂರಿಸಿಕೊಂಡು ಕೇಳಿ: ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತೆ? ಯಾವ ತಿಂಗಳಲ್ಲಿ ಕಡಿಮೆಯಾಗುತ್ತೆ? ಆಗ ಮನೆಯಲ್ಲಿ ಯಾರ ಕೆಲಸ ಹೆಚ್ಚಾಗುತ್ತೆ? ಉತ್ತರಗಳನ್ನು ಮಗು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ಆಗ ಸಿಗುವುದು ಇಂಥದ್ದು: ‘ನಮ್ಮೂರಿನ ಬೋರ್‌ವೆಲ್ ಫೆಬ್ರವರಿಗೇ ಬತ್ತುತ್ತೆ. ಮಾರ್ಚಿನಿಂದ ಟ್ಯಾಂಕರ್ ಬರುತ್ತೆ. ಟ್ಯಾಂಕರ್ ಬಂದ ದಿನ ನಮ್ಮ ತರಗತಿಯಲ್ಲಿ ನಾಲ್ಕು ಹುಡುಗಿಯರು ಇರೋದಿಲ್ಲ.’ ಮೂರೇ ವಾಕ್ಯ. ಕೇಳಿದ ತೀರ್ಪುಗಾರರು ಪೆನ್ನು ಕೆಳಗಿಟ್ಟು ತಲೆಯೆತ್ತಿ ನೋಡುವುದು ಇಂಥ ಕಡೆ.

ವಾಕ್ಯದ ಉದ್ದದ ಬಗ್ಗೆ ಕನ್ನಡಕ್ಕೇ ಸೇರಿದ ಒಂದು ತೊಡಕಿದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ಮಾಡಿ, ಹೋಗಿ, ಎಂದು ತಿಳಿದು, ಆದ್ದರಿಂದಾಗಿ’ ಎಂದು ಪೋಣಿಸುತ್ತಾ ಹೋದರೆ ಇಪ್ಪತ್ತೈದು ಪದದ ವಾಕ್ಯ ಸುಲಭವಾಗಿ ಹುಟ್ಟುತ್ತದೆ. ಕಾಗದದ ಮೇಲೆ ಓದುವವರು ಹಿಂದಕ್ಕೆ ಹೋಗಿ ಮತ್ತೆ ಓದಬಹುದು. ಕೇಳುವವರಿಗೆ ಆ ಅನುಕೂಲವಿಲ್ಲ. ವಾಕ್ಯ ಏನು ಹೇಳುತ್ತಿದೆ ಎಂದು ಗೊತ್ತಾಗಲು ಕೊನೆಯ ಪದದವರೆಗೂ ಕಾಯಬೇಕು. ಹೊತ್ತಿಗೆ ಸರಿಯಾಗಿ ಮಗುವಿನ ಉಸಿರು ಕೂಡ ಆ ಕೊನೆಯ ಪದದ ಹತ್ತಿರವೇ ಮುಗಿಯುತ್ತದೆ. ಮುಖ್ಯವಾದ ಕ್ರಿಯಾಪದ ನುಂಗಿಹೋಗುತ್ತದೆ. ‘ಮಾಡಬೇಕು’ ಎಂದಳೋ ‘ಮಾಡಬಾರದು’ ಎಂದಳೋ ಹಿಂದಿನ ಸಾಲಿಗೆ ಕೇಳಿಸುವುದೇ ಇಲ್ಲ. ಒಂದು ವಾಕ್ಯಕ್ಕೆ ಎಂಟರಿಂದ ಹತ್ತು ಪದ, ಒಂದು ಉಸಿರಿಗೆ ಒಂದು ವಾಕ್ಯ ಎಂಬ ನಿಯಮ ಇಟ್ಟುಕೊಂಡರೆ ಈ ತೊಂದರೆ ಮುಕ್ಕಾಲು ಪಾಲು ಹೋಗುತ್ತದೆ. ಕರಡನ್ನು ಮಗುವಿನಿಂದ ಜೋರಾಗಿ ಓದಿಸಿ, ಉಸಿರು ತುಂಡಾದ ಕಡೆಯಲ್ಲೆಲ್ಲ ವಾಕ್ಯವನ್ನೇ ಕತ್ತರಿಸಿ.

ಇಸವಿ, ಹೆಸರುಗಳನ್ನು ಒಂದೊಂದಾಗಿ ಪಠ್ಯಪುಸ್ತಕದಲ್ಲೋ ನಂಬಬಹುದಾದ ಗ್ರಂಥದಲ್ಲೋ ನೋಡಲೇಬೇಕು. ರಾಜ್ಯೋತ್ಸವದ ಭಾಷಣದಲ್ಲಿ ಅತಿ ಸಾಮಾನ್ಯವಾದ ತಪ್ಪು ‘1956ರಲ್ಲಿ ಕರ್ನಾಟಕ ಎಂದು ನಾಮಕರಣವಾಯಿತು’ ಎಂಬುದು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದದ್ದು ಮೈಸೂರು ರಾಜ್ಯ ಎಂಬ ಹೆಸರಿನಲ್ಲಿ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಶಿಕ್ಷಕರ ದಿನದಂದು ರಾಧಾಕೃಷ್ಣನ್ ಅವರನ್ನು ‘ಮೊದಲ ರಾಷ್ಟ್ರಪತಿ’ ಎನ್ನುವುದು ಇನ್ನೊಂದು. ಅವರು ಮೊದಲ ಉಪರಾಷ್ಟ್ರಪತಿ, ಎರಡನೆಯ ರಾಷ್ಟ್ರಪತಿ. ಅದರ ಬದಲು ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದರು ಎಂಬ ವಿಷಯ ಹೇಳಿದರೆ ಭಾಷಣ ನಮ್ಮ ನೆಲಕ್ಕೂ ಹತ್ತಿರವಾಗುತ್ತದೆ. ಮೊಬೈಲಿನಲ್ಲಿ ಹರಿದಾಡುವ, ಗಾಂಧೀಜಿ, ಕಲಾಂ, ಐನ್‌ಸ್ಟೈನ್ ಹೆಸರು ಹೊತ್ತ ನುಡಿಮುತ್ತುಗಳಲ್ಲಿ ಬಹಳಷ್ಟು ಅವರದಲ್ಲ. ಮೂಲ ಸಿಗದಿದ್ದರೆ ಬಿಟ್ಟುಬಿಡಿ.

ಉರು ಹೊಡೆಸದೆ ನೆನಪಿಡಿಸುವುದು

ಪದಪದವಾಗಿ ಉರು ಹೊಡೆದ ಮಗುವಿಗೆ ಪ್ರತಿ ವಾಕ್ಯವೂ ಮುಂದಿನ ವಾಕ್ಯವನ್ನು ಎಳೆದು ತರುತ್ತದೆ. ನಡುವೆ ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಒಟ್ಟಿಗೆ ಮಾಯ. ‘ಮರೆತುಹೋಯಿತು’ ಎಂದು ಅಳುತ್ತಾ ಇಳಿಯುವ ಮಕ್ಕಳಲ್ಲಿ ಹೆಚ್ಚಿನವರಿಗೆ ಆಗಿರುವುದು ಇದೇ. ಅವರ ನೆನಪಿನ ಶಕ್ತಿ ಕಡಿಮೆ ಎಂದಲ್ಲ, ನೆನಪಿಡಿಸಿದ ರೀತಿ ತಪ್ಪು.

ಮೊದಲ ಎರಡು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಮಾತ್ರ ಅಕ್ಷರಶಃ ಬಾಯಿಗೆ ಬರಲಿ. ನಡುವಿನದಕ್ಕೆ ಅಂಗೈಯಗಲದ ಚೀಟಿಯಲ್ಲಿ ಐದಾರು ಸುಳಿವು ಪದ ಬರೆದುಕೊಳ್ಳಲಿ: ‘ಬೋರ್‌ವೆಲ್, ಟ್ಯಾಂಕರ್, ನಾಲ್ಕು ಹುಡುಗಿಯರು, ಮಳೆನೀರಿನ ತೊಟ್ಟಿ, ಪಂಚಾಯಿತಿ’. ತಾಲೀಮಿನ ಮೊದಲ ಎರಡು ದಿನ ಈ ಚೀಟಿ ನೋಡಿಕೊಂಡು ಗೆಳತಿಗೆ ಕಥೆ ಹೇಳಿದಂತೆ ಹೇಳಲಿ. ಪ್ರತಿ ಸಲವೂ ಪದಗಳು ಬೇರೆಯಾದರೆ ಒಳ್ಳೆಯದೇ. ಮೂರನೇ ದಿನದಿಂದ ಚೀಟಿ ಇಲ್ಲದೆ. ಆಮೇಲೆ ನಡುವಿನಿಂದ ಶುರುಮಾಡಿಸಿ: ‘ಮಳೆನೀರಿನ ತೊಟ್ಟಿಯಿಂದ ಹೇಳು’ ಎಂದರೆ ಅಲ್ಲಿಂದಲೇ ಹೊರಡಬೇಕು. ಎಲ್ಲಿಂದ ಬೇಕಾದರೂ ಹೊರಡಬಲ್ಲ ಮಗು ಎಲ್ಲಿ ನಿಂತರೂ ದಾರಿ ಹಿಡಿಯುತ್ತದೆ. ಕೊನೆಯ ಎರಡು ದಿನ ಫೋನಿನಲ್ಲಿ ರೆಕಾರ್ಡ್ ಮಾಡಿ, ಗಡಿಯಾರ ಹಿಡಿದು ನೋಡಿ. ಗಾಬರಿಯಲ್ಲಿ ವೇಗ ಹೆಚ್ಚುವುದರಿಂದ ಮನೆಯಲ್ಲಿ 2 ನಿಮಿಷ 40 ಸೆಕೆಂಡು ಹಿಡಿದದ್ದು ವೇದಿಕೆಯಲ್ಲಿ ಎರಡು ನಿಮಿಷ ಚಿಲ್ಲರೆಗೆ ಮುಗಿಯಬಹುದು. ಇದಕ್ಕೆ ಪದ ಸೇರಿಸಬೇಡಿ, ಪೂರ್ಣವಿರಾಮ ಬಂದಲ್ಲೆಲ್ಲ ಮನಸ್ಸಿನಲ್ಲೇ ‘ಒಂದು’ ಎಂದು ಎಣಿಸಿ ಮುಂದೆ ಹೋಗುವುದನ್ನು ಕಲಿಸಿ.

ನಡುವೆ ಮರೆತರೆ? ನಿಲ್ಲಬೇಕು, ಉಸಿರು ತೆಗೆದುಕೊಳ್ಳಬೇಕು, ಆಗಷ್ಟೇ ಹೇಳಿದ ವಾಕ್ಯವನ್ನು ಇನ್ನೊಮ್ಮೆ ಹೇಳಬೇಕು, ಆಗಲೂ ಬರದಿದ್ದರೆ ಮುಂದಿನ ಸುಳಿವಿಗೆ ಹಾರಬೇಕು. ಯಾವುದು ಬಿಟ್ಟುಹೋಯಿತು ಎಂದು ಕೇಳುವವರಿಗೆ ಗೊತ್ತಿರುವುದಿಲ್ಲ. ‘ಕ್ಷಮಿಸಿ’ ಎಂದಾಗ ಮಾತ್ರ ಗೊತ್ತಾಗುತ್ತದೆ. ಶಿಕ್ಷಕರು ಬಾಗಿಲ ಬಳಿ ನಿಂತು ತುಟಿಯಾಡಿಸಿ ನೆನಪಿಸುವುದು ಮಗುವಿನ ಕಣ್ಣನ್ನು ಸಭೆಯಿಂದ ಕಿತ್ತು ಬಾಗಿಲಿಗೆ ನೆಡುತ್ತದೆ. ಅದರಿಂದ ನಷ್ಟವೇ.

ಉಚ್ಚಾರಣೆ, ಮೈಕು, ನಿಲುವು

ತಿದ್ದಬೇಕಾದ ಉಚ್ಚಾರಣೆ ಬೇರೆ, ತಿದ್ದಬಾರದ ಸೊಗಡು ಬೇರೆ. ಹಳೆ ಮೈಸೂರು ಭಾಗದ ಅನೇಕ ಮಕ್ಕಳಲ್ಲಿ ಹಕಾರ ಬಿದ್ದುಹೋಗಿ ‘ಹಕ್ಕಿ’ ‘ಅಕ್ಕಿ’ಯಾಗುತ್ತದೆ, ತಿದ್ದಲು ಹೊರಟಾಗ ಗಾಬರಿಯಲ್ಲಿ ‘ಆದರ್ಶ’ ‘ಹಾದರ್ಶ’ವಾಗುತ್ತದೆ. ಅಕ್ಕಿ–ಹಕ್ಕಿ, ಕಲೆ–ಕಳೆ, ಮನೆ–ಮಣೆ ಎಂಬ ಜೋಡಿಗಳನ್ನು ದಿನಕ್ಕೆ ಎರಡು ನಿಮಿಷ ಹೇಳಿಸಿದರೆ ನಾಲಿಗೆಗಿಂತ ಮೊದಲು ಕಿವಿ ಪಳಗುತ್ತದೆ. ಆಗಸ್ಟ್ ತಿಂಗಳ ಕಷ್ಟದ ಪದ ‘ಸ್ವಾತಂತ್ರ್ಯ’. ಸ್ವಾ, ತಂ, ತ್ರ್ಯ ಎಂದು ಬಿಡಿಸಿ ನಿಧಾನವಾಗಿ ಹೇಳಿಸಿ. ಎಷ್ಟು ಹೇಳಿಸಿದರೂ ಬಾಯಿಗೆ ಬರದ ಪದವಿದ್ದರೆ ಬೇರೆ ಪದ ಹಾಕಿ. ‘ಪ್ರಾಮುಖ್ಯತೆ’ಯನ್ನು ‘ಮಹತ್ವ’ ಮಾಡಿದರೆ ಯಾರಿಗೂ ನಷ್ಟವಿಲ್ಲ. ಆದರೆ ಧಾರವಾಡದ ಮಗುವಿನ ‘ಐತಿ’, ಕಲಬುರಗಿಯ ಮಗುವಿನ ಎಳೆತ, ಮಂಗಳೂರಿನ ಮಗುವಿನ ಬಿಡಿಬಿಡಿಯಾದ ಮಾತು ತಪ್ಪಲ್ಲ. ಮನೆಯಲ್ಲಿ ತುಳು, ಉರ್ದು, ಕೊಂಕಣಿ, ಲಂಬಾಣಿ, ತೆಲುಗು, ಮರಾಠಿ ಆಡುವ ಮಕ್ಕಳು ಕನ್ನಡ ವೇದಿಕೆ ಹತ್ತುವುದೇ ದೊಡ್ಡ ವಿಷಯ. ಊರಿನ ಧಾಟಿಗೆ ಅಂಕ ಕಡಿಯುವ ತೀರ್ಪುಗಾರರು ಆ ಮಕ್ಕಳಿಗೆ ಅನ್ಯಾಯ ಮಾಡುತ್ತಾರೆ.

ಮೈಕಿನ ಮುಂದೆ ಬಾಯಿ ಅರ್ಧ ಗೇಣು, ಅಂದರೆ 10ರಿಂದ 12 ಸೆಂಟಿಮೀಟರ್ ದೂರವಿರಲಿ. ಮೈಕು ತುಟಿಗೆ ನೇರವಾಗಿ ಇದ್ದರೆ ಪ, ಬ, ಫ, ಭ ಅಕ್ಷರಗಳ ಗಾಳಿ ‘ಧಪ್’ ಎಂದು ಬಡಿಯುತ್ತದೆ. ಸ್ವಲ್ಪ ಕೆಳಗೆ, ಗಲ್ಲದ ಮಟ್ಟದಲ್ಲಿದ್ದರೆ ಆಗುವುದಿಲ್ಲ. ಕೂಯ್‌ಗುಟ್ಟುವ ಸದ್ದು ಬಂದರೆ ಅದು ಮಗುವಿನ ತಪ್ಪಲ್ಲ: ಸ್ಪೀಕರಿನ ಧ್ವನಿ ಮತ್ತೆ ಮೈಕಿಗೆ ನುಗ್ಗುತ್ತಿದೆ, ಸ್ಪೀಕರನ್ನು ಮೈಕಿಗಿಂತ ಮುಂದೆ ಇಡಬೇಕು. ತನಗಿಂತ ಮೊದಲು ಮಾತಾಡಿದ ಹುಡುಗ ಎತ್ತರವಿದ್ದರೆ ಮೈಕನ್ನು ಇಳಿಸಿಕೊಂಡೇ ಮಾತು ಶುರುಮಾಡಬೇಕು. ಐದು ಸೆಕೆಂಡಿನ ಆ ಕೆಲಸಕ್ಕೆ ಹಿಂಜರಿದು ಮೂರು ನಿಮಿಷ ತುದಿಗಾಲಲ್ಲಿ ನಿಂತ ಮಕ್ಕಳಿದ್ದಾರೆ. ಚಿಕ್ಕ ಮಕ್ಕಳನ್ನು ಪೋಡಿಯಂ ಹಿಂದೆ ನಿಲ್ಲಿಸಲೇಬೇಡಿ, ತಲೆ ಮಾತ್ರ ಕಾಣುತ್ತದೆ.

ಕಲಿಸಿದ ಕೈಸನ್ನೆ ಬೇಡ. ‘ಆಕಾಶ’ ಎಂದಾಗ ಮೇಲಕ್ಕೆ, ‘ಭೂಮಿ’ ಎಂದಾಗ ಕೆಳಕ್ಕೆ ಬೆರಳು ತೋರಿಸುವುದು ಛದ್ಮವೇಷಕ್ಕೆ ಸರಿ. ಕೂಗಿ ಮಾತಾಡಿದರೆ ಗೆಲ್ಲಬಹುದು ಎಂಬ ನಂಬಿಕೆಯೂ ಹಾನಿಕರ, ಅದರಲ್ಲೂ ಎಂಟು–ಒಂಬತ್ತನೇ ತರಗತಿಯ ಹುಡುಗರಿಗೆ. ಧ್ವನಿ ಒಡೆಯುವ ಆ ವಯಸ್ಸಿನಲ್ಲಿ ಗಂಟಲು ಬಿಗಿದರೆ ಸ್ವರ ಎಲ್ಲೆಂದರಲ್ಲಿ ಜಾರುತ್ತದೆ.

ಚೀಟಿ ಎತ್ತಿದ ಮೇಲೆ

ಆಶುಭಾಷಣದಲ್ಲಿ ಮಕ್ಕಳು ಮಾಡುವ ದೊಡ್ಡ ತಪ್ಪು, ಸಿಕ್ಕ ಅಲ್ಪ ಸಮಯವನ್ನು ಮಾಹಿತಿ ಹುಡುಕುವುದರಲ್ಲಿ ಕಳೆಯುವುದು. ‘ಕೊಡೆ’ ಎಂಬ ವಿಷಯ ಬಂದರೆ ಕೊಡೆಯನ್ನು ಯಾರು ಕಂಡುಹಿಡಿದರು ಎಂದು ತಡಕಾಡುತ್ತಾರೆ. ಸಿಗದಿದ್ದಾಗ ತಮಗೆ ಬಾಯಿಪಾಠ ಇರುವ ಪರಿಸರ ಭಾಷಣಕ್ಕೆ ಜಾರುತ್ತಾರೆ. ತೀರ್ಪುಗಾರರಿಗೆ ಇದು ಕೂಡಲೇ ತಿಳಿಯುತ್ತದೆ.

ಮೊದಲು ಕೊನೆಯ ವಾಕ್ಯ ತೀರ್ಮಾನವಾಗಬೇಕು. ಎಲ್ಲಿಗೆ ಹೋಗಬೇಕು ಎಂದು ಗೊತ್ತಿದ್ದರೆ ನಡುವಿನ ದಾರಿ ಸಿಗುತ್ತದೆ. ಆಮೇಲೆ ಮೂರು ಮೆಟ್ಟಿಲು: ನಿನ್ನೆ–ಇಂದು–ನಾಳೆ, ಅಥವಾ ಮನೆ–ಶಾಲೆ–ಊರು, ಅಥವಾ ಏನು–ಏಕೆ–ಏನು ಮಾಡಬೇಕು. ಕೊಡೆಗೆ ಮನೆ–ಶಾಲೆ–ಊರು ಹಾಕಿ ನೋಡಿ: ಅಜ್ಜನ ಕಪ್ಪು ಕೊಡೆ, ಒಂದೇ ಕೊಡೆಯಲ್ಲಿ ಮೂವರು ಶಾಲೆಗೆ ಬರುವುದು, ಸಂತೆಯಲ್ಲಿ ಬಿಸಿಲಿಗೆ ಕೊಡೆಯಿಲ್ಲದೆ ಕೂತ ಸೊಪ್ಪಿನವರು. ಎರಡು ನಿಮಿಷಕ್ಕೆ ಇದು ಧಾರಾಳ ಸಾಕು.

ಇದನ್ನು ಸ್ಪರ್ಧೆಯ ಹಿಂದಿನ ವಾರ ಕಲಿಸಲಾಗದು. ತರಗತಿಯಲ್ಲಿ 40 ಮಕ್ಕಳಿದ್ದರೆ, ದಿನಕ್ಕೆ ಇಬ್ಬರಿಗೆ ಒಂದೊಂದು ನಿಮಿಷ ಕೊಟ್ಟರೂ 20 ಶಾಲಾ ದಿನಗಳಲ್ಲಿ ಎಲ್ಲರ ಸರದಿ ಬರುತ್ತದೆ. ವಿಷಯಗಳು ಕಣ್ಣೆದುರಿನ ವಸ್ತುಗಳಾಗಿರಲಿ: ಬಸ್ ನಿಲ್ದಾಣ, ಮುರಿದ ಬೆಂಚು, ಬಿಸಿಯೂಟದ ತಟ್ಟೆ. ಯಾವಾಗಲೂ ಅದೇ ಮೂವರನ್ನು ಕಳಿಸುವ ಶಾಲೆಯಲ್ಲಿ ಹೀಗೆ ಮಾಡಿದರೆ ನಾಲ್ಕನೆಯ, ಹತ್ತನೆಯ ಮಗುವೂ ಮಾತಾಡಬಲ್ಲದು ಎಂದು ತಿಳಿಯುತ್ತದೆ.

ಚರ್ಚಾ ಸ್ಪರ್ಧೆಯ ಬಗ್ಗೆ ಒಂದೇ ಮಾತು. ಎದುರಾಳಿ ಆಡಿದ ಒಂದು ವಾಕ್ಯವನ್ನಾದರೂ ಹೆಸರಿಸಿ ಉತ್ತರಿಸದ ಭಾಷಣ ಚರ್ಚೆಯಲ್ಲ. ಹಾಗಾಗಿ ಮಗು ಎರಡೂ ಪಕ್ಷಕ್ಕೆ ಸಿದ್ಧವಾಗಬೇಕು, ತನ್ನ ಸರದಿ ಬರುವ ತನಕ ಪೆನ್ನು ಹಿಡಿದು ಕೇಳಬೇಕು.

ತೀರ್ಪು ಕೆಡುವ ಬಗೆ

ಮೂವರು ತೀರ್ಪುಗಾರರ ಅಂಕ ಕೂಡಿಸಿ ಹೆಚ್ಚು ಬಂದವರಿಗೆ ಬಹುಮಾನ ಕೊಡುವುದು ನ್ಯಾಯ ಎಂದು ತೋರುತ್ತದೆ. ಆದರೆ ಹೀಗೂ ಆಗುತ್ತದೆ. ಮೊದಲ ತೀರ್ಪುಗಾರರು ಒಂದನೇ ಮಗುವಿಗೆ 90, ಎರಡನೇ ಮಗುವಿಗೆ 70 ಕೊಟ್ಟರು. ಎರಡನೆಯವರು ಕ್ರಮವಾಗಿ 76, 80. ಮೂರನೆಯವರು 77, 79. ಒಟ್ಟು: ಒಂದನೇ ಮಗುವಿಗೆ 243, ಎರಡನೇ ಮಗುವಿಗೆ 229. ಮೂವರಲ್ಲಿ ಇಬ್ಬರು ಎರಡನೇ ಮಗುವೇ ಮೇಲು ಎಂದರೂ ಸೋತದ್ದು ಅದೇ. ಅಂಕವನ್ನು ಅಗಲವಾಗಿ ಹರಡಿ ಕೊಡುವ ಒಬ್ಬರ ಅಭಿಪ್ರಾಯ ಉಳಿದಿಬ್ಬರದನ್ನು ಮುಳುಗಿಸಿತು. ಪರಿಹಾರ ಸುಲಭ: ಪ್ರತಿ ತೀರ್ಪುಗಾರರ ಅಂಕದಿಂದ ಸ್ಥಾನ ಮಾಡಿಕೊಂಡು, ಸ್ಥಾನಗಳನ್ನು ಕೂಡಿಸಿ. ಒಂದನೇ ಮಗುವಿಗೆ 1+2+2=5, ಎರಡನೇ ಮಗುವಿಗೆ 2+1+1=4; ಕಡಿಮೆ ಬಂದವರು ಗೆದ್ದಂತೆ.

ಮೊದಲು ಮಾತಾಡುವ ಮಗುವಿಗೆ ಯಾವಾಗಲೂ ತೊಂದರೆ. ಹೋಲಿಸಲು ಯಾರೂ ಇಲ್ಲವಾದ್ದರಿಂದ ತೀರ್ಪುಗಾರರು ಕೈಬಿಗಿ ಹಿಡಿಯುತ್ತಾರೆ. ಮೊದಲ ಮೂವರ ಅಂಕವನ್ನು ಪೆನ್ಸಿಲಿನಲ್ಲಿ ಬರೆದು, ಮೂರನೆಯವರ ನಂತರ ಮತ್ತೆ ನೋಡಿ ಖಾಯಂ ಮಾಡುವ ಪದ್ಧತಿ ಒಳ್ಳೆಯದು. ಸರದಿ ಚೀಟಿಯಿಂದಲೇ ತೀರ್ಮಾನವಾಗಲಿ. ಶಾಲೆಯ ಹೆಸರು ಹೇಳದೆ ಸಂಖ್ಯೆಯಿಂದ ಮಾತ್ರ ಕರೆಯಿರಿ. ಸ್ಪರ್ಧಿಯ ಶಾಲೆಯವರು ತೀರ್ಪುಗಾರರಾಗಬಾರದು. ಕ್ಲಸ್ಟರ್ ಮಟ್ಟದಲ್ಲಿ ಒಂದೇ ದಿನ, ಒಂದೇ ಶಾಲೆಯಲ್ಲಿ ಎಲ್ಲ ಸ್ಪರ್ಧೆ ನಡೆಯುವಾಗ ಭಾಷಣದ ಕೋಣೆಯನ್ನು ಜಾನಪದ ನೃತ್ಯದ ಸ್ಪೀಕರಿನಿಂದ ದೂರ ಇಡುವುದೂ ನ್ಯಾಯದ ಭಾಗವೇ.

ಸಮಯ ನೋಡಲು ಬೇರೆಯವರನ್ನೇ ಕೂರಿಸಿ. ಗಡಿಯಾರ ಮೊದಲ ಪದಕ್ಕೆ ಶುರುವಾಗಲಿ. ಭಾಷಣ ಕಲೆ ಕಲಿಸುವ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯ ಐದರಿಂದ ಏಳು ನಿಮಿಷದ ಸ್ಪರ್ಧೆಗಳಲ್ಲಿ ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ದೀಪ ತೋರಿಸುತ್ತಾರೆ. ಎರಡೂ ತುದಿಗೆ ಅರ್ಧ ನಿಮಿಷದ ರಿಯಾಯಿತಿ ಇರುತ್ತದೆ. ನಮ್ಮ ಶಾಲೆಗಳಿಗೆ ಬಣ್ಣದ ಕಾಗದ ಸಾಕು. ಗಂಟೆ ಬಾರಿಸಿದರೆ ಚಿಕ್ಕ ಮಕ್ಕಳು ಬೆಚ್ಚಿ ಮಾತು ನಿಲ್ಲಿಸುತ್ತಾರೆ. ಎತ್ತಿ ಹಿಡಿದ ಕಾಗದ ಬೆಚ್ಚಿಸುವುದಿಲ್ಲ.

ಅಂಕಗಳ ಹಂಚಿಕೆಯಲ್ಲಿ ವಿಷಯ ಮತ್ತು ವಿಚಾರಕ್ಕೆ 50ರಲ್ಲಿ ಕನಿಷ್ಠ 20 ಇರಲಿ, ಉಳಿದದ್ದು ಜೋಡಣೆ, ಭಾಷೆ, ನಿರೂಪಣೆಗೆ ತಲಾ 10. ನಿಯಮ ರೂಪಿಸುವ ಸ್ವಾತಂತ್ರ್ಯ ಇರುವ ಶಾಲೆಗಳು ಇನ್ನೊಂದು ಕೆಲಸ ಮಾಡಬಹುದು: ಭಾಷಣ ಮುಗಿದ ಮೇಲೆ ತೀರ್ಪುಗಾರರು ಮಗುವಿಗೆ ಒಂದೇ ಪ್ರಶ್ನೆ ಕೇಳಲಿ, ಅರ್ಧ ನಿಮಿಷದಲ್ಲಿ ಉತ್ತರ ಬರಲಿ, ವಿಷಯಕ್ಕಿಟ್ಟ 20 ಅಂಕಗಳಲ್ಲಿ 5 ಈ ಉತ್ತರಕ್ಕೆ ಇರಲಿ. ಪ್ರಶ್ನೆ ಸಿಕ್ಕಿಹಾಕಿಸುವಂಥದ್ದಾಗಬಾರದು. ‘ಟ್ಯಾಂಕರ್ ಬಂದ ದಿನ ಆ ಹುಡುಗಿಯರು ಎಷ್ಟು ಹೊತ್ತು ಕಾಯ್ತಾರೆ?’ ಎಂದರೆ ತಾನೇ ಯೋಚಿಸಿ ಬರೆದ ಮಗು ಕಣ್ಣರಳಿಸಿ ಹೇಳುತ್ತದೆ. ಬರೆಸಿಕೊಂಡು ಬಂದ ಮಗು ತಬ್ಬಿಬ್ಬಾಗುತ್ತದೆ. ಈ ನಿಯಮವನ್ನು ಸ್ಪರ್ಧೆಯ ದಿನಕ್ಕೆ ಹದಿನೈದು ದಿನ ಮೊದಲೇ ಪ್ರಕಟಿಸಿ. ಆಗ ಶಿಕ್ಷಕರೂ ಪೋಷಕರೂ ಬರೆದುಕೊಡುವುದನ್ನು ಬಿಟ್ಟು ಮಗುವಿನ ಜೊತೆ ಕೂತು ಮಾತಾಡಲು ಶುರುಮಾಡುತ್ತಾರೆ.

ಫಲಿತಾಂಶ ಓದಿದ ಕೂಡಲೇ ಅಂಕಪಟ್ಟಿಗಳನ್ನು ಲಕೋಟೆಗೆ ಹಾಕಿ ಎತ್ತಿಡಬೇಡಿ. ಬಹುಮಾನ ಬಾರದ ಪ್ರತಿ ಮಗುವಿಗೂ ತೀರ್ಪುಗಾರರು ಎರಡು ಸಾಲು ಬರೆದು ಕೊಡಲಿ: ಒಂದರಲ್ಲಿ ಚೆನ್ನಾಗಿದ್ದ ಒಂದು ಜಾಗ, ಇನ್ನೊಂದರಲ್ಲಿ ಮುಂದಿನ ಸಲ ಬದಲಿಸಬೇಕಾದ ಒಂದೇ ಒಂದು ವಿಷಯ. ಅಂಥ ಹದಿನೈದು ಮಕ್ಕಳಿದ್ದರೆ ಮೂವರು ತೀರ್ಪುಗಾರರಿಗೆ ತಲಾ ಐದು ಚೀಟಿ. ಕಾಲು ಗಂಟೆಯ ಕೆಲಸ.